ಮೌಲಾಸಾಬನ ಮೇಲೆ ನಾನು ಹೊರಿಸಿದ ಅನುಮಾನ

ಭಂಕೂರದ ಕಲ್ಲುಗಣಿಯ ಮೌಲಾಸಾಬ ಚಾಡಿಕೋರನಾಗಿರಲಿಲ್ಲ. ಅವನಿಗೆ ಆ ಹೆಸರು ಹಚ್ಚಿದವನು ನಾನು. ನನ್ನಂಥ ಮಠದ ಸ್ವಾಮಿಗಳು ತಮ್ಮನ್ನು ‘ನಾವು’ ಎಂದು ಹೇಳಿಕೊಳ್ಳುವುದು ರೂಢಿ. ಈ ತಪ್ಪಿನಲ್ಲಿ ಬೇರೆ ಯಾರ ಪಾಲೂ ಇಲ್ಲ — ‘ನಾನು’ ಎಂದೇ ಬರೆಯುತ್ತೇನೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಗಣಿಯ ಕೆಲಸಗಾರರು ಪರವಾನಗಿ ಇಲ್ಲದೆ ಸಭೆ ಕೂಡಬಾರದು, ಕೆಲಸ ಬಿಟ್ಟು ಹೋಗಬಾರದು ಎಂದು ಚಿತ್ತಾಪುರದ ಕಚೇರಿಯಿಂದ ಹುಕುಂ ಬಂತು. ಮೂವತ್ತು ಮಂದಿ ಪಕ್ಕದೂರಿನ ನನ್ನ ಮಠಕ್ಕೆ ಬಂದು, ಏನು ಮಾಡಬೇಕೆಂದು ಕೇಳಿದರು. ನಾನು ಹೇಳಿದೆ: “ಕೂಡಿ ಮಾತಾಡೋದು, ಬ್ಯಾಡಾದ ಕೆಲಸ ಬಿಡೋದು — ಇವು ಸರಕಾರ ಕೊಟ್ಟದ್ದಲ್ಲ, ದುಡಿಯೋ ಮನಶಾನ ಜೋಡಿ ಹುಟ್ಟಿ ಬಂದದ್ದು. ತಾ ಕೊಡಲಾರದ್ದನ್ನ ಸರಕಾರ ಕಸಗೊಳ್ಳಾಕ ಬರಂಗಿಲ್ಲ.” ಆ ಮಾತನ್ನು ಇಂದಿಗೂ ನಂಬುತ್ತೇನೆ. ಆದರೆ —

ಮೂರು ದಿನಕ್ಕೆ ಪೊಲೀಸ್ ಅಮೀನ ಬಂದ. ನನ್ನ ಮಾತನ್ನು ನನಗೇ ಒಪ್ಪಿಸಿದ. ನನ್ನನ್ನು ಮುಟ್ಟಲಿಲ್ಲ, ಇಬ್ಬರು ಕೆಲಸಗಾರರನ್ನು ಹೊಡೆದು ಎಳೆದೊಯ್ದ.

ಅಂದಿನಿಂದ ನನ್ನ ಮನಸ್ಸು ಒಂದೊಂದೇ ಮುಖವನ್ನು ತಡವತೊಡಗಿತು. ಅಮೀನನಿಗೆ ಹೇಳಿದವರು ಯಾರು? ಬಾಗಿಲ ಹತ್ತಿರ ಕೂತಿದ್ದವನು ಮೌಲಾಸಾಬ. ಪ್ರಸಾದಕ್ಕೆ ನಿಲ್ಲದೆ ಎದ್ದುಹೋಗಿದ್ದ. ಅವರಲ್ಲಿ ಕಚೇರಿಯ ಭಾಷೆಯಾದ ಉರ್ದುವನ್ನು ಓದಬಲ್ಲವನು ಅವನೊಬ್ಬನೇ. ಮರುದಿನ ಚಿತ್ತಾಪುರದ ಕಚೇರಿ ಮುಂದೆ ಅವನನ್ನು ಕಂಡವರಿದ್ದರು. ನನಗೆ ಇಷ್ಟು ಸಾಕಾಯಿತು — ಇದರಲ್ಲಿ ಅರ್ಧವೂ ಬೇಕಿರಲಿಲ್ಲವೇನೋ. ಇದನ್ನೂ ಬರೆದುಬಿಡುತ್ತೇನೆ: ಅವನ ಹೆಸರು ಬಸಣ್ಣ ಎಂದಿದ್ದರೆ, ಮೊದಲು ಕರೆದು ಕೇಳುತ್ತಿದ್ದೆ.

“ಅಪ್ಪೋರ, ಯಾರ್ ಹೇಳ್ಯಾರ?” ಎಂದು ಕೆಲಸಗಾರರು ಕೇಳಿದಾಗ ನಾನು ಹೆಸರು ಹೇಳಲಿಲ್ಲ. “ನಿಮ್ಮೊಳಗ ಉರ್ದು ಬಲ್ಲವರು ಯಾರದಾರ, ನೋಡ್ಕೋರಿ” ಅಂದೆ. ಅಷ್ಟೇ.

ಕಲ್ಲಿನ ಚಪ್ಪಡಿ ಎತ್ತಲು ಇಬ್ಬರು ಬೇಕು. ಮರುದಿನದಿಂದ ಅವನು ಹಿಡಿದ ಚಪ್ಪಡಿಯ ಎದುರು ತುದಿಗೆ ಯಾರೂ ಕೈ ಹಾಕಲಿಲ್ಲ. ಮೌಲಾಸಾಬ ಮಠಕ್ಕೆ ಬಂದು, ಕಟ್ಟೆಯ ಕೆಳಗೇ ನಿಂತು ಹೇಳಿದ: “ಹುಕುಂನಾಗ ಏನ್ ಬರದಾರ ಓದಿ ಇವ್ರಿಗಿ ಹೇಳಬೇಕಂತ ಚಿತ್ತಾಪುರಕ್ಕ ಹೋಗಿದ್ನಿರಿ. ಆ ಕಾಗದ ಕಚೇರಿ ಗ್ವಾಡಿಗಿ ಹಚ್ಚಿದ್ರು. ನೀವರೆ ನಂಬ್ರಿ.” ನಾನು ಕಣ್ಣು ಮುಚ್ಚಿಕೊಂಡೆ, ಜಪಕ್ಕೆ ಕುಳಿತವನಂತೆ. ವಾರದೊಳಗೆ ಅವನು ಹೆಂಡತಿಯನ್ನು ಕರೆದುಕೊಂಡು ವಾಡಿ ಊರಿಗೆ ಹೋಗಿಬಿಟ್ಟ. ಸರಕಾರ ಕಸಿಯಬಾರದೆಂದು ನಾನು ಸಾರಿದ್ದನ್ನು, ಮಂದಿಯೊಡನೆ ಕೂಡುವುದನ್ನು — ಅವನಿಂದ ನಾನೇ ಕಸಿದಿದ್ದೆ.

ಎರಡು ವರ್ಷದ ಮೇಲೆ ಗಣಿಯ ಗುತ್ತೇದಾರ, ಮಠದ ದೊಡ್ಡ ಭಕ್ತ, ಪಾದಪೂಜೆ ಮುಗಿಸಿ ನಗುತ್ತ ಅಂದ: “ಆವತ್ತು ಮಂದಿಗಿ ಹೇಳಿದ್ದನ್ನ ನನ್ನ ಮುಂದೂ ಹೇಳಿದ್ರಲ್ರಿ ಅಪ್ಪೋರ, ಅದನ್ನ ಅಮೀನಗ ಮುಟ್ಟಿಸಿದಾವ ನಾನೇ. ನಿಮಗ ಮಾತ್ರ ತ್ರಾಸ ಕೊಡಬ್ಯಾಡಂತ ಹೇಳಿದ್ದೆ.” ನೆನಪಾಯಿತು — ಚೆನ್ನಾಗಿ ಮಾತಾಡಿದೆನೆಂಬ ಬಿಂಕದಲ್ಲಿ ಅವನ ಮುಂದೆ ಅದನ್ನೆಲ್ಲ ನಾನೇ ಹೇಳಿಕೊಂಡಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಹತ್ತು ವರ್ಷ ಸುಮ್ಮನಿದ್ದೆ.

ಹೋದ ತಿಂಗಳು ವಾಡಿಗೆ ಹೋದೆ. ಮೌಲಾಸಾಬ ತೀರಿಕೊಂಡಿದ್ದ. ಅವನ ಹೆಂಡತಿ ಫಾತಿಮಾಬೀ ಎಲ್ಲವನ್ನೂ ಕೇಳಿಸಿಕೊಂಡಳು. “ಅವ್ರು ಹೇಳಿಲ್ಲಂತ ನನಗ ಅವತ್ತೇ ಗೊತ್ತಿತ್ತು,” ಎಂದಳು. “ನನಗ್ಯಾಕ ಹೇಳ್ತೀರಿ? ಭಂಕೂರದಾಗ ಹೇಳ್ರಿ.”

ನಾಳೆ ಭಂಕೂರಕ್ಕೆ ಹೋಗುತ್ತೇನೆ. ಗಣಿಯ ಹತ್ತಿರವೇ ಕೂಡಿರಿ, ನನಗೆ ಕುರ್ಚಿ ಹಾಕಬೇಡಿರಿ ಎಂದು ಕೆಲಸಗಾರರಿಗೆ ಹೇಳಿ ಕಳಿಸಿದ್ದೇನೆ. ಕೇಳಿದ ಮೇಲೆ ಅವರು ಮತ್ತೆ ಮಠಕ್ಕೆ ಬರುವರೋ ಇಲ್ಲವೋ — ಅದು ಅವರಿಗೆ ಬಿಟ್ಟದ್ದು.