ವಿಮಾನದ ಮುಂದೆ ಕಾಯಿ ಒಡೆಯಲು ಓಡಿದೆ

ಯಡೂರ ವೀರಭದ್ರನನ್ನು ನಂಬಿದ ಬಂಧುಗಳೇ, ನನ್ನ ಮಗನ ವಿಮಾನ ಉರುಳಿದ್ದು ನನ್ನಿಂದ. ಊರಲ್ಲಿ ಇದನ್ನು ನೆನೆಸಿ ಇನ್ನೂ ನಗುತ್ತಾರೆ. ನಗಲಿ. ನನಗೆ ಮಾತ್ರ ನಾಚಿಕೆಯಿಂದ ತಲೆ ಎತ್ತಲು ಆಗುವುದಿಲ್ಲ.

೧೯೯೨ರಲ್ಲಿ ಮಗ ಮಹಾದೇವ ಕೊಗನೊಳ್ಳಿಯಾಚೆ, ಮಹಾರಾಷ್ಟ್ರದ ಒಂದು ಮೈದಾನದಲ್ಲಿ ವಿಮಾನ ನಡೆಸಲು ಕಲಿಯುತ್ತಿದ್ದ. ಎರಡು ಸೀಟಿನ ಸಣ್ಣ ವಿಮಾನ. ಅವನು ಮೊದಲ ಸಲ ಒಬ್ಬನೇ ಹಾರುವ ದಿನ, ಹೆಂಡತಿ ಶಾಂತವ್ವನನ್ನು ಕರೆದುಕೊಂಡು ನಮ್ಮೂರು ಭೋಜದಿಂದ ನಿಪ್ಪಾಣಿಗೆ ಬಂದು ಕೊಲ್ಹಾಪುರದ ಬಸ್ಸು ಹಿಡಿದೆ. ಚೀಲದಲ್ಲಿ ಕಾಯಿ, ಲಿಂಬೆಹಣ್ಣು. ನಮ್ಮಲ್ಲಿ ಸೈಕಲ್ ತಂದರೂ ಕಾಯಿ ಒಡೆಯದೆ ಹತ್ತುವುದಿಲ್ಲ.

ಕಲಿಸುವ ಸಾಹೇಬರು, "ಬಾಬಾ, ಇಲ್ಲಿ ಅದೆಲ್ಲಾ ನಡ್ಯೂದಿಲ್ರಿ. ಬೇಲಿ ಹೊರಗ ನಿಂದರ್ರಿ," ಎಂದರು. ನಿಂತೆ. ಆದರೆ ವಿಮಾನ ಸದ್ದು ಮಾಡಿ ಹೊರಟದ್ದೇ ತಡ, ನನಗೆ ತಡೆಯಲಾಗಲಿಲ್ಲ. ಪೂಜೆ ಇಲ್ಲದೆ ಬಿಟ್ಟರೆ ದೇವರು ಮುನಿದಾನು ಎಂದು ಬೇಲಿ ನುಸುಳಿ, ಕಾಯಿ ಹಿಡಿದು ಅದರ ಎದುರಿಗೇ ಓಡಿದೆ. ಇನ್ನೇನು ನೆಲ ಬಿಡಲಿದ್ದ ವಿಮಾನವನ್ನು ಮಗ ಒಮ್ಮೆಲೇ ಪಕ್ಕಕ್ಕೆ ತಿರುಗಿಸಿದ. ರೆಕ್ಕೆ ನೆಲಕ್ಕೆ ಬಡಿದು, ಅದು ಗಟಾರದಲ್ಲಿ ಮಗುಚಿತು.

ದವಾಖಾನೆಯಲ್ಲಿ ಅವನಿಗೆ ಎಚ್ಚರವೇ ಇಲ್ಲ. ತಲೆಗೆ ಪೆಟ್ಟು. "ಈಗ ಏನೂ ಹೇಳಾಕ ಬರೂದಿಲ್ರಿ," ಎಂದರು ಡಾಕ್ಟರು. ಶಾಂತವ್ವ ನನ್ನ ಕಡೆ ನೋಡಲೂ ಇಲ್ಲ.

"ದೇವ್ರು ಬಂದು ಕಾಯಿ ಕೇಳಿದ್ನೇನ್ರಿ ನಿಮ್ಮನ್ನ?" ಎಂದು ಒಂದೇ ಮಾತು ಅಂದಳು.

ನಾನು ಬಾಗಿಲ ಮರೆಗೆ ಹೋಗಿ ಕುಳಿತೆ. ವೀರಭದ್ರನನ್ನು ಯಾವ ಮುಖದಿಂದ ಕೇಳಲಿ? ಅವನ ಹೆಸರಿನಲ್ಲೇ ಈ ಕೇಡು ಮಾಡಿದ್ದೆ. ಆದರೂ ಅಳುತ್ತ ಬೇಡಿದೆ: "ತಂದೀ, ದಡ್ಡ ನಾನು. ನನ್ನ ತಪ್ಪು ಅವನ ಮ್ಯಾಲ ಹಾಕಬ್ಯಾಡ. ಹುಡುಗ ಕಣ್ಣ ತೆರೀಲಿ."

ಮರುದಿನ ಮಧ್ಯಾಹ್ನ ನರ್ಸಬಾಯಿ ಹೊರಗೆ ಬಂದು, "ಪೇಶಂಟ್ ಕಣ್ಣ ಬಿಟ್ಟಾನ್ರಿ! ಅವನ ಅಪ್ಪ ಯಾರು? ಕರ್ಯಾಕತ್ತಾನ," ಎಂದಳು. ಎಲ್ಲರೂ ಆಸೆ ಬಿಟ್ಟಿದ್ದ ಹೊತ್ತು. ಆದರೂ ನನಗೆ ಏಳಲು ಆಗಲಿಲ್ಲ. ಬೈಯಲು ಕರೆದಿದ್ದಾನೆ ಎಂದುಕೊಂಡೆ. ಶಾಂತವ್ವನೇ ರಟ್ಟೆ ಹಿಡಿದು ಒಳಗೆ ನೂಕಿದಳು.

ಮಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವನ ಕಣ್ಣಲ್ಲಿ ನೀರು.

"ಅಪ್ಪಾ, ನಿನ್ನ ಮ್ಯಾಲ ಹಾಯಿಸೇ ಬಿಟ್ಟೆ ಅಂತ ತಿಳದಿದ್ದೆ. ತಪ್ಪಾತು. ನೀ ಉಳದೀಯಲ್ಲ, ಸಾಕು."

ಭೂಮಿ ಬಾಯಿಬಿಟ್ಟರೆ ಇಳಿದುಹೋಗಬೇಕು ಅನ್ನಿಸಿತು.

ಅವನು ಗುಣವಾಗಿ ಮತ್ತೆ ಹಾರಿದ. ನಾನು ಯಡೂರಿಗೆ ಹೋಗಿ ಅಡ್ಡಬಿದ್ದೆ. ಇಂಥ ಮಗನನ್ನು ನನ್ನಂಥವನಿಗೆ ಎರಡು ಸಲ ಕೊಟ್ಟ ದೇವರು ಅವನು. ಬಹಳ ಹೊತ್ತು ಅಲ್ಲಿಯೇ ಬಿದ್ದುಕೊಂಡಿದ್ದೆ. ಬೇಡಲು ಏನೂ ಉಳಿದಿರಲಿಲ್ಲ.