ಕೆರೆಯದೆ ತಟ್ಟಿದ ಬಾಗಿಲು

ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಅವನನ್ನು ಎಲ್ಲರೂ ಬಾಗಿಲಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಬಾಗಿಲು ಕಾದವನನ್ನು ಇನ್ನೇನೆಂದು ಕರೆಯಬೇಕು, ಹೇಳಿ! ಜಂಬದ ಮನುಷ್ಯ ನಿಜ, ಆದರೆ ಕೆಲಸದಲ್ಲಿ ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ.

ಬಾಗಿಲು ತೆರೆದಾಗಲೆಲ್ಲ ಹೊರಗಿನ ಬೆಚ್ಚನೆಯ ಗಾಳಿ ಚೌಕಟ್ಟಿಗೆ ತಾಗಿ, ನೀರಾಗಿ ತೊಟ್ಟಿಕ್ಕುತ್ತಿತ್ತು. ಮನೆಯ ನೆಲದ ಮೇಲೆ ಬಿದ್ದ ನೀರಿನಂತೆ ಆ ಹನಿ ಹರಿದುಹೋಗುವುದಿಲ್ಲ. ಕೊರೆಯುವ ನೆಲಕ್ಕೆ ಬಡಿದೊಡನೆ ಅಂಗಿಯ ಗುಂಡಿಯಷ್ಟಗಲ ಹರಡುತ್ತದೆ. ಮೊದಲು ಅಂಚು ನೆಲವನ್ನು ಕಚ್ಚಿಕೊಳ್ಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಹನಿ ಕಲ್ಲಾಗುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಬೆಳಗಿನ ಹೊತ್ತಿಗೆ ಹೊಸ್ತಿಲ ಒಳಗೆಲ್ಲ ಗಾಜಿನಂಥ ಪದರ. ನೋಡಿದರೆ ಬರಿಯ ನೆಲವೇ!

ಅದಕ್ಕೇ ಅಲ್ಲೊಂದು ಕಟ್ಟಳೆಯಿತ್ತು. ಬಾಗಿಲಣ್ಣ ಮೊದಲು ಒಳಗೆ ಹೋಗಿ ಕಬ್ಬಿಣದ ಪಟ್ಟಿಯಿಂದ ಪದರವನ್ನು ಕೆರೆದು, ಉಪ್ಪೆರಚಿ, ಬಾಗಿಲನ್ನು ಎರಡು ಸಲ ತಟ್ಟಬೇಕು. ಆ ಸದ್ದು ಕೇಳಿದ ಮೇಲೆ ತಲೆಯ ಮೇಲೆ ಟ್ರೇ ಹೊತ್ತ ಹೆಂಗಸರು ಕೆಳಗೆ ನೋಡದೆ ನಡೆಯುತ್ತಿದ್ದರು. ಅವರಲ್ಲೊಬ್ಬಳು ಅವನ ಅಕ್ಕ, ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು.

ಒಂದು ದಿನ ಬೆಳಗ್ಗೆ ಬಾಗಿಲಣ್ಣ ಕ್ಯಾಂಟೀನಿನಲ್ಲಿ ಹರಟೆ ಹೊಡೆಯುತ್ತ ಕೂತು ತಡ ಮಾಡಿದ. ಓಡಿ ಬಂದಾಗ ಹೆಂಗಸರು ಸಾಲಾಗಿ ನಿಂತಿದ್ದರು.

"ಏನೋ ದೊರೆ, ಈಗ ಬೆಳಗಾಯ್ತಾ ನಿಂಗೆ?" ಎಂದು ಅಕ್ಕ ರೇಗಿಸಿದಳು. ಎಲ್ಲರೂ ಗೊಳ್ಳೆಂದು ನಕ್ಕರು.

ಅವನ ಮುಖ ಚಿಕ್ಕದಾಯಿತು. ಒಳಗೆ ಹೋಗಿ ನೆಲ ನೋಡಿದ, ಒಣಗಿದಂತೇ ಇತ್ತು. ಆ ನೆಲದ ಮೋಸ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ, ಒಂದು ದಿನ ಕೆರೆಯದಿದ್ದರೆ ಆಕಾಶವೇನು ಕಳಚಿ ಬೀಳುತ್ತದೆಯೇ ಎಂದುಕೊಂಡು ಎರಡು ಸಲ ತಟ್ಟಿಬಿಟ್ಟ.

ಮೊದಲು ಒಳಗೆ ಬಂದವಳು ಅಕ್ಕನೇ. ಜಾರಿ ಬಿದ್ದ ರಭಸಕ್ಕೆ ಸೊಂಟದ ಮೂಳೆ ಮುರಿಯಿತು.

ಮೇಲ್ವಿಚಾರಕರು ಕೇಳಿದಾಗ, "ಕೆರೆದಿದ್ದೆ ಸಾರ್, ಅಕ್ಕಾನೇ ಅವಸರ ಮಾಡಿದ್ಲು" ಎಂದ ಪುಣ್ಯಾತ್ಮ. ನೋವಿನಲ್ಲಿ ಹಲ್ಲು ಕಚ್ಚಿ ಮಲಗಿದ್ದ ಅಕ್ಕ ಅವನ ಮುಖವನ್ನೊಮ್ಮೆ ನೋಡಿ, "ಹೌದು, ನಂದೇ ತಪ್ಪು" ಎಂದಳು.

ಅಲ್ಲಿಂದ ಒಂಬತ್ತು ವರ್ಷ ಅಕ್ಕ ಕೋಲು ಹಿಡಿದೇ ನಡೆದಳು. ಇವನು ವಾರ ತಪ್ಪದೆ ಹೋಗುತ್ತಿದ್ದ, ಔಷಧಿ ತಂದುಕೊಡುತ್ತಿದ್ದ, ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಅವಳು "ನೀನಿಲ್ಲದಿದ್ರೆ ನನ್ನ ಗತಿ ಏನೋ" ಎಂದಾಗಲೆಲ್ಲ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಅವಳ ಪಾದ ಹಿಡಿದು ಹೇಳಿಯೇಬಿಟ್ಟ: "ಅಕ್ಕಾ, ಅವತ್ತು ನಾನು ಕೆರೆದಿರಲಿಲ್ಲ."

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಅವನ ತಲೆಯ ಮೇಲೆ ಕೈಯಿಟ್ಟಳು.

"ಗೊತ್ತು ಕಣೋ. ನಾನು ಬಾಗಿಲ ಹತ್ರಾನೇ ನಿಂತಿದ್ನಲ್ಲ, ಕೆರೆಯೋ ಸದ್ದೇ ಬರಲಿಲ್ಲ. ಆದ್ರೂ ತಟ್ಟಿದೋನು ನೀನು ಅಂತ ಕಾಲಿಟ್ಟೆ."