ಆವಿಯಲ್ಲಿ ಸಿಕ್ಕಿದ್ದು

ವಿಶಾಖಪಟ್ಟಣದ ಹೊರವಲಯದ ಪರವಾಡದ ಪ್ರಯೋಗಾಲಯದಲ್ಲಿ ಆ ವರ್ಷ ನನ್ನ ಪಾಲಿಗೆ ಬಂದ ಕೆಲಸ, ತಂಬಾಕನ್ನು ಸುಡದೆ ಬರೀ ಬಿಸಿ ಮಾಡುವ ಸಾಧನಗಳ ಆವಿಯಲ್ಲಿ ಏನೇನಿದೆ ಎಂದು ನೋಡುವುದು. ಸೇದಲು ಒಂದು ಯಂತ್ರವಿತ್ತು. ಅರ್ಧ ನಿಮಿಷಕ್ಕೊಮ್ಮೆ ಎರಡು ಸೆಕೆಂಡು ಉಸಿರೆಳೆಯುತ್ತಿತ್ತು. ಆವಿ ಕೂತು ಹಳದಿಗಟ್ಟಿದ ಫಿಲ್ಟರನ್ನು ದ್ರಾವಕದಲ್ಲಿ ಅಲುಗಿಸಿ ನಿಕೋಟಿನ್ ಅಳೆಯುತ್ತಿದ್ದೆ. ಫಿಲ್ಟರಿಗೆ ಸಿಗದೆ ದಾಟಿ ಹೋಗುವ, ಕ್ಯಾನ್ಸರ್ ತರಬಲ್ಲ ಫಾರ್ಮಾಲ್ಡಿಹೈಡ್ ಅನಿಲವನ್ನು ಬೇರೊಂದು ದ್ರಾವಣದಲ್ಲಿ ಹಿಡಿಯುತ್ತಿದ್ದೆ. ಇಡೀ ದಿನ ಆ ಯಂತ್ರವೊಂದೇ ಜೊತೆ. ಕಂಪನಿ ಬಸ್ಸಿನಲ್ಲಿ ಎಲ್ಲರೂ ತೆಲುಗಿನಲ್ಲಿ ಹರಟಿ ನಗುವಾಗ ನಾನು ಅರ್ಧ ಕ್ಷಣ ತಡವಾಗಿ ನಗುತ್ತಿದ್ದೆ.

ಕನ್ನಡ ಮಾತಾಡಲು ನನಗಿದ್ದವರು ಒಬ್ಬರೇ. ಸರಕಾರಿ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಧಾರವಾಡದ ಹಿರಿಯರು. ನಾನು ವಿಶಾಖಪಟ್ಟಣಕ್ಕೆ ಬಂದ ಹೊಸದರಲ್ಲಿ ಅವರು ಪಕ್ಕದ ಮನೆಯಲ್ಲಿದ್ದರು. ನಾನು ಗದಗಿನವಳೆಂದು ತಿಳಿದ ದಿನದಿಂದ ನನಗೆ ಕಾಕಾ ಆದರು. ಹೆಂಡತಿ ತೀರಿಕೊಂಡ ಮೇಲೆ ವಿಜಯವಾಡದ ಪಟಮಟದಲ್ಲಿರುವ ಮಗಳ ಮನೆಗೆ ಹೋದರು. ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಒಂದು ದಿನ, ಸಿಗರೇಟು ಬಿಟ್ಟೆನೆಂದೂ ಅಳಿಯ ಪರದೇಶದಿಂದ ತಂದ, ತಂಬಾಕು ಬಿಸಿ ಮಾಡುವ ಸಾಧನ ಬಳಸುತ್ತಿದ್ದೇನೆಂದೂ ಖುಷಿಯಿಂದ ಹೇಳಿದರು. ‘ಹೊಗಿ ಇಲ್ಲವ್ವಾ ಇದರಾಗ, ಬರೇ ಹಬಿ’ ಎಂದರು.

ಆ ವಾರದ ಫಲಿತಾಂಶದಲ್ಲಿ ಫಾರ್ಮಾಲ್ಡಿಹೈಡ್ ಸಿಗರೇಟಿಗಿಂತ ಕಡಿಮೆಯಿತ್ತು, ಆದರೆ ಇತ್ತು. ನಿಕೋಟಿನ್ ಹೆಚ್ಚುಕಡಿಮೆ ಸಿಗರೇಟಿನಷ್ಟೇ. ಫೋನಿನಲ್ಲಿ ಹೇಳುವ ಮಾತಲ್ಲ ಎನಿಸಿ ಶನಿವಾರ ರೈಲು ಹತ್ತಿದೆ.

ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಡಸಾಲೆಯಲ್ಲಿ ಕೂತಿದ್ದರು. ಮೊಮ್ಮಕ್ಕಳು ತೆಲುಗಿನಲ್ಲಿ ಏನೋ ಕೇಳಿ ಒಳಗೆ ಓಡಿದರು. ನಾನು ಕೂತ ಕೂಡಲೇ ಶುರು ಮಾಡಿದೆ. ಯಂತ್ರ, ಫಿಲ್ಟರು, ಅದರಲ್ಲಿ ಕಂಡದ್ದು, ಎಲ್ಲ. ಅವರು ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದರು.

‘ಕನ್ನಡದಾಗ ನಾಕು ಮಾತಾಡೂಣಂತ ಮುಂಜಾನಿಂದ ಕಾಯಾಕತ್ತೇನಿ’ ಎಂದರು. ‘ನೀ ರಿಪೋರ್ಟ್ ಹೇಳಾಕ ಬಂದಿ.’

ನನಗೆ ನಾಚಿಕೆಯಾಯಿತು. ‘ನಿಮ್ಮನ್ನ ಬಿಟ್ರ ನನಗೂ ಇಲ್ಲಿ ಯಾರಿಲ್ಲ ಕಾಕಾ. ಅದಕ್ಕ ಬಂದೆ’ ಎಂದೆ.

ಅವರು ಊರಿನ ಸುದ್ದಿ ಕೇಳಿದರು, ನನ್ನ ತಮ್ಮನ ಮದುವೆ ಗೊತ್ತಾಯಿತೇ ಎಂದು ವಿಚಾರಿಸಿದರು.

ಮುಂದಿನ ತಿಂಗಳು ಮಗಳು ಅವರನ್ನು ತಂಬಾಕು ಬಿಡಿಸುವ ವೈದ್ಯರ ಬಳಿ ಕರೆದೊಯ್ದಳು. ಎರಡು ಸಲ ಸೋತು, ಮೂರನೆಯ ಸಲ ತಂಬಾಕು ಪೂರ್ತಿ ಬಿಟ್ಟರು. ಈಚೆಗೆ ಭಾನುವಾರ ಫೋನ್ ಮಾಡುವುದು ಮರೆಯುತ್ತಾರೆ, ನಾನೇ ಮಾಡುತ್ತೇನೆ. ಅವರ ಮಾತಿನಲ್ಲಿ ಈಗ ತೆಲುಗು ಬೆರೆಯುತ್ತಿದೆ. ಒಂದೊಂದು ಕನ್ನಡ ಶಬ್ದಕ್ಕೆ ತಡವರಿಸುತ್ತಾರೆ. ಫೋನ್ ಇಟ್ಟ ಮೇಲೆ ಸೋಮವಾರ ಬೆಳಗಿನವರೆಗೆ ನಾನು ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ.